ಲಾರಿಯಲ್ಲಿ ಇದ್ದಕ್ಕಿದ್ದಂತೆ ಆಯಿಲ್ ಲೀಕ್: ಗೇರ್‌ಬಾಕ್ಸ್ ಇಳಿಸಲೇಬೇಕಾ?

ನೀವು ಬರೆದಿರೋದು ಇಷ್ಟು: ಆರು ಸಿಲಿಂಡರಿನ 5.9 ಲೀಟರ್ ಕಮ್ಮಿನ್ಸ್ ಎಂಜಿನ್ ಇರುವ ಟಾಟಾ ಲಾರಿ, ಮಂಡ್ಯ ಜಿಲ್ಲೆಯ ಕೆ.ಎಂ.ದೊಡ್ಡಿ ಕಡೆಗೆ ಕಬ್ಬು ಹೊಡೀತಿದೆ. ಹೋದ ವಾರ ಆಯಿಲ್, ಫಿಲ್ಟರ್ ಬದಲಾಯಿಸಿದ್ದೀರಿ. ಈಗ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವಿನ ಕ್ಲಚ್ ಕವಚ) ಕೆಳಗಿಂದ ಒಂದೇ ಸಮ ಆಯಿಲ್ ಸುರೀತಿದೆ. ಮೆಕ್ಯಾನಿಕ್ ನೋಡಿ, ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ಶಾಫ್ಟ್) ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂದಿದ್ದಾರೆ.

ಸದ್ಯಕ್ಕೆ ಇಳಿಸಬೇಡಿ. ಹಿಂದಿನ ಸೀಲ್ ಸಾಮಾನ್ಯವಾಗಿ ಹೀಗೆ ಒಂದೇ ದಿನಕ್ಕೆ ಕೈಕೊಡಲ್ಲ. ಮೊದಲು ಜಿನುಗುತ್ತೆ, ಧೂಳು ಅಂಟಿ ಕರಿ ಪದರ ಕಟ್ಟುತ್ತೆ, ಆಮೇಲೆ ತೊಟ್ಟಿಕ್ಕೋಕೆ ಶುರು. ನಿನ್ನೆವರೆಗೂ ಒಣಗಿದ್ದ ಜಾಗದಲ್ಲಿ ಇವತ್ತು ಧಾರೆ ಅಂದರೆ ಪ್ರೆಷರ್ ಇರುವ ಕಡೆ ಹುಡುಕಬೇಕು: ಫಿಲ್ಟರ್, ಆಯಿಲ್ ಪ್ರೆಷರ್ ಸ್ವಿಚ್, ಟರ್ಬೊಗೆ ಹೋಗುವ ಆಯಿಲ್ ಪೈಪು, ಆಯಿಲ್ ಕೂಲರಿನ ಪ್ಯಾಕಿಂಗ್, ಏರ್ ಕಂಪ್ರೆಸರಿಗೆ ಹೋಗುವ ಆಯಿಲ್ ಪೈಪು. ಮೇಲೆ ಎಲ್ಲೇ ಸೋರಿದರೂ ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಬೆಲ್ ಹೌಸಿಂಗ್ ಅಂಚಿನಿಂದಲೇ ತೊಟ್ಟಿಕ್ಕಿಸುತ್ತೆ. ಹಾಗಾಗಿ ತೊಟ್ಟು ಬೀಳೋ ಜಾಗ ನೋಡಿ ತೀರ್ಮಾನ ಮಾಡಬಾರದು, ಒದ್ದೆ ಎಲ್ಲಿವರೆಗೆ ಮೇಲಕ್ಕೆ ಹೋಗಿದೆ ನೋಡಬೇಕು.

ಗಾಡಿ ರಸ್ತೆಯಲ್ಲಿದ್ದಾಗ ಹೀಗಾದರೆ ಮೀಟರ್ ನೋಡಿ. ಬಿಸಿ ಎಂಜಿನ್ನಿಗೆ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿಎಸ್ಐ, ಪೂರ್ತಿ ಆರ್‌ಪಿಎಂನಲ್ಲಿ ಕನಿಷ್ಠ 30 ಪಿಎಸ್ಐ ಆಯಿಲ್ ಪ್ರೆಷರ್ ಇರಲೇಬೇಕು. ಮುಳ್ಳು ಬಿತ್ತು ಅಥವಾ ಕೆಂಪು ಲೈಟ್ ಬಂತು ಅಂದರೆ ಅಲ್ಲೇ ಆಫ್, ಊರು ಹತ್ತಿರ ಇದೆ ಅಂತ ಎಳೆಯೋದು ಬೇಡ. ಎಕ್ಸ್‌ಪ್ರೆಸ್‌ವೇನಲ್ಲಿದ್ದರೆ ಆದಷ್ಟು ಎಡದಂಚಿಗೆ ತಂದು, ಹಿಂದೆ ದೂರಕ್ಕೆ ತ್ರಿಕೋನ ಇಟ್ಟು, ಆಮೇಲೆ ಕೆಳಗೆ ಬಗ್ಗಿ. ಪ್ರೆಷರ್ ಸರಿ ಇದ್ದರೆ ಲೆಕ್ಕ ಹಾಕಬಹುದು. ಸೆಕೆಂಡಿಗೊಂದು ತೊಟ್ಟು ಅಂದರೆ ಗಂಟೆಗೆ ಹೆಚ್ಚುಕಡಿಮೆ 150 ಎಂಎಲ್. ಗೇಜ್ ಕಡ್ಡಿಯ ಎರಡು ಗೆರೆ ನಡುವೆ ಇರೋದು ಸುಮಾರು ಎರಡು ಲೀಟರ್. ಆದರೆ ನಿಂತಾಗ ಎಣಿಸಿದ ಲೆಕ್ಕ ಓಡುವಾಗ ನಡೆಯಲ್ಲ, ಪ್ರೆಷರ್ ಏರಿದ ಹಾಗೆ ಸೋರಿಕೆಯೂ ಏರುತ್ತೆ.

ಸೋರ್ತಿರೋದು ಯಾವ ಆಯಿಲ್ ಅನ್ನೋದನ್ನ ಬಿಳಿ ಬಟ್ಟೆಗೆ ಹಚ್ಚಿ ನೋಡಿ. ಡೀಸೆಲ್ ಎಂಜಿನ್ ಆಯಿಲ್ ಕಪ್ಪು. ಗೇರ್ ಆಯಿಲ್ ಮಂದ, ಜೊತೆಗೆ ಗಂಧಕದ ಗಬ್ಬು ವಾಸನೆ. ಅದು ಬಂದರೆ ಗೇರ್‌ಬಾಕ್ಸಿನ ಮುಂದಿನ ಸೀಲ್ ಕಡೆ ಅನುಮಾನ. ಪವರ್ ಸ್ಟೇರಿಂಗ್ ಆಯಿಲ್ ಹೆಚ್ಚಾಗಿ ಕೆಂಪು. ಕಪ್ಪಾಗಿ, ತೆಳ್ಳಗೆ, ಡೀಸೆಲ್ ವಾಸನೆ ಇದ್ದು ಕಡ್ಡಿಯಲ್ಲಿ ಮಟ್ಟ ಏರಿದ್ದರೆ ಅದು ಬೇರೆಯೇ ಕಾಯಿಲೆ, ಡೀಸೆಲ್ ಚೇಂಬರಿಗೆ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳೀತಿದೆ. ಅದನ್ನು ಸರಿಮಾಡದೆ ಎಂಜಿನ್ ಓಡಿಸಬೇಡಿ.

ಇನ್ನು ಹುಡುಕಾಟ. ಎಂಜಿನ್ ತಣ್ಣಗಾದ ಮೇಲೆ ಡೀಸೆಲ್ ಮತ್ತು ಬ್ರಶ್‌ನಿಂದ ಎರಡೂ ಮಗ್ಗುಲು, ಬೆಲ್ ಹೌಸಿಂಗ್, ಚೇಂಬರ್ ಅಂಚು ಎಲ್ಲ ತೊಳೆದು, ಏರ್ ಹೊಡೆದು ಪೂರ್ತಿ ಒಣಗಿಸಿ. ಎಕ್ಸಾಸ್ಟ್ ಮೇಲೆ ಡೀಸೆಲ್ ಉಳಿಯದ ಹಾಗೆ ನೋಡ್ಕೊಳ್ಳಿ. ಆಮೇಲೆ ಮುಖಕ್ಕೆ ಹಾಕುವ ಪೌಡರನ್ನೇ ತೆಳ್ಳಗೆ ಉದುರಿಸಿ. ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಐದು ನಿಮಿಷ, ಆಮೇಲೆ 1500 ಆರ್‌ಪಿಎಂನಲ್ಲಿ ಹತ್ತು ನಿಮಿಷ ಬಿಡಿ. ಟಾರ್ಚ್ ಹಿಡಿದು ನೋಡಿದರೆ ಬಿಳಿ ಪೌಡರಿನ ಮೇಲೆ ಕಂದು ಗೆರೆ ಇಳಿದಿರೋದು ಕಾಣುತ್ತೆ. ಆ ಗೆರೆಯ ಮೇಲಿನ ತುದಿಯೇ ನಿಮಗೆ ಬೇಕಾದ ಜಾಗ. ಫ್ಯಾನ್, ಬೆಲ್ಟ್ ಹತ್ತಿರ ಕೈ, ಲುಂಗಿ, ಟವೆಲ್ ಹೋಗದಂತೆ ಎಚ್ಚರ.

ನಿಮ್ಮ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಫಿಲ್ಟರ್ ಮೇಲೆ, ಯಾಕಂದರೆ ಸರ್ವಿಸ್ ಆಗಿ ವಾರ ಆಗಿದೆ ಅಷ್ಟೆ. ಹಳೇ ಫಿಲ್ಟರ್ ಬಿಚ್ಚುವಾಗ ಅದರ ರಬ್ಬರ್ ರಿಂಗ್ ಮೇಲಿನ ಹೆಡ್ಡಿಗೇ (ಫಿಲ್ಟರ್ ಕೂರುವ ಜಾಗ) ಅಂಟಿಕೊಂಡು ಉಳಿದುಬಿಡುತ್ತೆ. ನೋಡದೆ ಹೊಸದನ್ನು ಅದರ ಮೇಲೇ ತಿರುಗಿಸಿದರೆ ಎರಡು ರಬ್ಬರ್ ಒಂದರ ಮೇಲೊಂದು ಕೂರುತ್ತೆ. ಕೆಲವು ದಿನ ಹಿಡಿಯುತ್ತೆ, ಒಂದು ಬೆಳಿಗ್ಗೆ ತಣ್ಣಗಿನ ಮಂದ ಆಯಿಲಿನ ಪ್ರೆಷರಿಗೆ ಮೇಲಿನದು ಜಾರಿ ಹೊರಗೆ ಬರುತ್ತೆ, ಆಯಿಲ್ ಬುಗ್ಗೆ. ಫಿಲ್ಟರ್ ಬಿಚ್ಚಿ, ಹೆಡ್ಡಿನ ಮುಖಕ್ಕೆ ಬೆರಳಾಡಿಸಿ, ಹಳೇ ರಬ್ಬರ್ ಇದ್ದರೆ ಕಿತ್ತು ಒರೆಸಿ. ಹೊಸ ಫಿಲ್ಟರಿಗೆ ಶುದ್ಧ ಆಯಿಲ್ ತುಂಬಿ, ರಬ್ಬರಿಗೂ ಆಯಿಲ್ ಸವರಿ, ರಬ್ಬರ್ ಹೆಡ್ಡಿಗೆ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿ. ಬಿಗಿ ಮಾಡೋಕೆ ಚೈನ್ ರೆಂಚ್ ಬೇಡ, ಅದು ಬಿಚ್ಚೋಕೆ ಮಾತ್ರ.

ಡ್ರೈನ್ ಪ್ಲಗ್ಗಿನ ವಾಷರನ್ನೂ ನೋಡಿ. ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಟ್ಟಿಯಾಗುತ್ತೆ, ಹೊಸದೇ ಹಾಕಿ. ಕಬ್ಬಿನ ಗದ್ದೆಯೊಳಗೆ ಗಾಡಿ ಇಳಿಸ್ತೀರಲ್ಲ, ಬದುವಿಗೆ ಚೇಂಬರ್ ತಗುಲಿ ಸೀಳಿರಬಹುದು. ಅದೂ ದಿಢೀರ್ ಸೋರುವ ಜಾಗವೇ.

ಪ್ರೆಷರ್ ಸ್ವಿಚ್ ಒಳಗೆ ಹರಿದರೆ ಆಯಿಲ್ ವೈರ್ ಸಿಗಿಸುವ ತುದಿಯಿಂದಲೇ ಬರುತ್ತೆ. ಕನೆಕ್ಟರ್ ಕಿತ್ತಾಗ ಒಳಗೆ ಆಯಿಲ್ ಇದ್ದರೆ ಬೇರೆ ಪರೀಕ್ಷೆ ಬೇಡ, ಸ್ವಿಚ್ ಬದಲಾಯಿಸಿ. ಟರ್ಬೊ ಪೈಪು ಸೋರ್ತಿದ್ದರೆ ಒಂದು ಕಿಲೋಮೀಟರೂ ಓಡಿಸಬೇಡಿ, ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದ ಆಯಿಲ್ ಹೊತ್ತಿಕೊಳ್ಳುತ್ತೆ.

ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪನ್ನು ಮರೆಯೋರೇ ಜಾಸ್ತಿ. ಮಣ್ಣು ತುಂಬಿಯೋ, ಕಣಜ ಗೂಡು ಕಟ್ಟಿಯೋ ಅದು ಕಟ್ಟಿಕೊಂಡರೆ ಒಳಗಿನ ಗಾಳಿಗೆ ದಾರಿ ಇಲ್ಲದೆ ಚೆನ್ನಾಗಿರೋ ಸೀಲ್, ಪ್ಯಾಕಿಂಗ್ ಮೂಲಕವೇ ಆಯಿಲನ್ನು ಹೊರಗೆ ತಳ್ಳುತ್ತೆ. ಹಾಗಿದ್ದಾಗ ಹೊಸ ಸೀಲ್ ಹಾಕಿದರೂ ಅದೇ ಕಥೆ. ಪೈಪು ತೊಳೆದು, ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳವನ್ನು ತಲೆಕೆಳಗಾಗಿ ಸುಮ್ಮನೆ ಬಾಯಿ ಮೇಲಿಡಿ. ಸ್ವಲ್ಪ ಅಲುಗಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಪಿಸ್ಟನ್ ರಿಂಗ್, ಸಿಲಿಂಡರ್ ಬೋರ್ ಸವೆದಿರಬಹುದು. ಆಯಿಲನ್ನು ಮೇಲಿನ ಗೆರೆ ದಾಟಿಸಿ ತುಂಬಿದ್ದರೂ ಬ್ರೀದರ್ ಉಗುಳುತ್ತೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ನೋಡಿ.

ಮೇಲೆಲ್ಲ ಪೌಡರ್ ಬಿಳಿಯಾಗೇ ಉಳಿದು, ಬೆಲ್ ಹೌಸಿಂಗಿನ ಒಳಗಿಂದ ಮಾತ್ರ ಕಪ್ಪು ಆಯಿಲ್ ಬಂದರೆ ಮೆಕ್ಯಾನಿಕ್ ಹೇಳಿದ್ದು ಸರಿ, ಇಳಿಸಿ. ಆಗಲೂ ಸೀಲ್ ಒಂದನ್ನೇ ನೋಡಬೇಡಿ. ಬ್ಲಾಕಿನ ಹಿಂದೆ ಕ್ಯಾಮ್ ಶಾಫ್ಟಿನ (ವಾಲ್ವ್ ತೆರೆಸುವ ಶಾಫ್ಟ್) ತಟ್ಟೆ ಪ್ಲಗ್ ಇದೆ, ಅದು ಸಡಿಲ ಆದರೂ ಇದೇ ತರ ಸುರಿಯುತ್ತೆ. ಕ್ರ್ಯಾಂಕ್ ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಕಾಲುವೆ ಬಿದ್ದಿದೆ, ಸ್ಲೀವ್ (ತೆಳು ಲೋಹದ ಬಳೆ) ಹಾಕದೆ ಹೊಸ ಸೀಲ್ ನಿಲ್ಲಲ್ಲ. ಈ ಎಂಜಿನ್ನಿನ ಟೆಫ್ಲಾನ್ ತುಟಿಯ ಸೀಲನ್ನು ಒಣಗಿದ ಹಾಗೇ ಕೂರಿಸಬೇಕು. ಕ್ರ್ಯಾಂಕಿಗಾಗಲಿ ತುಟಿಗಾಗಲಿ ಒಂದು ಹನಿ ಆಯಿಲ್, ಗ್ರೀಸ್ ತಾಗಬಾರದು. ಹಳೇ ರಬ್ಬರ್ ಸೀಲಿನ ಅಭ್ಯಾಸದಲ್ಲಿ ಆಯಿಲ್ ಸವರಿ ಹಾಕೋರಿದ್ದಾರೆ, ಪಕ್ಕದಲ್ಲಿ ನಿಂತು ನೋಡ್ಕೊಳ್ಳಿ. ಸೀಲಿನ ಜೊತೆ ಬರುವ ಪ್ಲಾಸ್ಟಿಕ್ ರಿಂಗ್ ಬಳಸಿಯೇ ದೂಡಬೇಕು, ಇಲ್ಲದಿದ್ದರೆ ತುಟಿ ಮಡಚುತ್ತೆ.

ಗೇರ್‌ಬಾಕ್ಸ್ ಕೆಳಗಿರುವಾಗಲೇ ಕ್ಲಚ್ ಪ್ಲೇಟ್ ನೋಡಿ. ಆಯಿಲ್ ಕುಡಿದಿದ್ದರೆ ಪೆಟ್ರೋಲಲ್ಲಿ ತೊಳೆದು ಹಾಕಿದ್ದು ಲೋಡಿಗೆ ನಿಲ್ಲಲ್ಲ, ಹೊಸದು ಬೇಕು. ರಿಲೀಸ್ ಬೇರಿಂಗ್, ಫ್ಲೈವೀಲ್ ಮಧ್ಯದ ಪೈಲಟ್ ಬೇರಿಂಗ್ ಎರಡನ್ನೂ ಕೈಯಲ್ಲಿ ತಿರುಗಿಸಿ, ಗರಗರ ಅಂದರೆ ಆಗಲೇ ಬದಲಾಯಿಸಿಬಿಡಿ.