ಸಂಕ್ರಾಂತಿ ದಿನ ಮಗಳಿಗೆ ರಜೆ ಹಾಕಿಸಲೇ?

ಪ್ರಶ್ನೆ: ಎರಡನೇ ಕ್ಲಾಸಿನ ನನ್ನ ಮಗಳಿಗೆ ಶೇಂಗಾ ಅಲರ್ಜಿ, ಡಾಕ್ಟರೇ ಹೇಳಿದ್ದಾರೆ. ಸಂಕ್ರಾಂತಿಗೆ ಶಾಲೆಯಲ್ಲಿ ತಿಳಗೂಳ (ಎಳ್ಳು, ಬೆಲ್ಲದ ಸಿಹಿ) ಹಂಚುತ್ತಾರೆ, ಹುಟ್ಟುಹಬ್ಬದ ತಿಂಡಿಗಳು ಬೇರೆ. ಅಂಥ ದಿನ ಮನೆಯಲ್ಲೇ ಇರಿಸಿಕೊಳ್ಳಲೇ?
– ಒಬ್ಬ ತಾಯಿ, ಕೋಥರೂಡ್, ಪುಣೆ

ಉತ್ತರ: ರಜೆ ಯಾಕ್ರೀ? ಅವಳೂ ಹಬ್ಬ ಮಾಡಲಿ. ಆದರೆ ಬರೀ ಬಾಯಿಮಾತಲ್ಲಿ ಬಿಡಬೇಡಿ, ಡಾಕ್ಟರ ಚೀಟಿ ಸಮೇತ ಕ್ಲಾಸ್ ಟೀಚರಿಗೆ ಈಗಲೇ ಬರೆದುಕೊಡಿ. ತಿಳಗೂಳಕ್ಕೆ ಶೇಂಗಾ ಪುಡಿ ಹಾಕುವುದು ಮಾಮೂಲು, ನಮ್ಮ ಎಳ್ಳುಬೆಲ್ಲದಲ್ಲೂ ಅದು ಇದ್ದೇ ಇರುತ್ತದೆ, ‘ಶೇಂಗಾ ಆರಿಸಿಟ್ಟು ತಿನ್ನು’ ಅಂದರೆ ನಡೆಯಲ್ಲ, ಪುಡಿ ಎಲ್ಲಕ್ಕೂ ಅಂಟಿರುತ್ತದಲ್ವಾ! ಪ್ಯಾಕೆಟ್ ತಿಂಡಿಯಲ್ಲಿ ಶೇಂಗಾ ಇದ್ದರೆ ಮೇಲೆ ಬರೆಯಲೇಬೇಕು, ನಿಯಮವಿದೆ. ಅಂಗಡಿಯವರು ತೂಗಿ ಕೊಡುವ ಬಿಡಿ ಮಿಠಾಯಿಗೆ ಅದೆಲ್ಲಿಂದ ಬರಬೇಕು? ಅದಕ್ಕೇ ಅವಳಿಗೆ ಒಗ್ಗುವ ಸಿಹಿಯನ್ನು ನೀವೇ ಮಾಡಿ, ಹೆಸರು ಬರೆದ ಡಬ್ಬಿಯಲ್ಲಿ ಟೀಚರ್ ಹತ್ತಿರ ಇಟ್ಟಿರಿ. ಹುಟ್ಟುಹಬ್ಬಕ್ಕೆ ಪೆನ್ಸಿಲ್ಲೋ ರಬ್ಬರೋ ಹಂಚೋಣ ಅಂತ ಉಳಿದ ತಾಯಂದಿರಿಗೂ ಹೇಳಿ ನೋಡಿ, ಸುಮ್ನೆ ಸಂಕೋಚ ಬೇಡ.

ಇನ್ನೊಂದು ಮುಖ್ಯ. ನಾಲಿಗೆ, ಗಂಟಲು ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತಾ ಕೂರಬಾರದು. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ಅದನ್ನು ಶಾಲೆಯಲ್ಲಿ ಇಡಬೇಕೇ, ಯಾರು ಕೊಡಬೇಕು ಎಂದು ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ. ಜೊತೆಗೇ 108ಕ್ಕೆ ಫೋನ್ ಮಾಡಬೇಕೆಂದು ಟೀಚರಿಗೂ ತಿಳಿಸಿಡಿ.