ಕೊರೆಟಾ ಸ್ಕಾಟ್ ಕಿಂಗ್ ಅವರಿಗೆ ಸಲ್ಲಬೇಕಾದ ನಮನ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ನಾಯಕಿ ಕೊರೆಟಾ ಸ್ಕಾಟ್ ಕಿಂಗ್ ತೀರಿಕೊಂಡದ್ದು 2006ರ ಜನವರಿ 30ರಂದು, ಅಂದರೆ ನಾವು ಗಾಂಧೀಜಿಯವರಿಗಾಗಿ ಮೌನ ಆಚರಿಸುವ ಹುತಾತ್ಮರ ದಿನದಂದೇ. ಅವರ ಬದುಕು ಮತ್ತು ಅಂತಿಮ ವಿದಾಯದ ಕುರಿತು ಬಂದಿರುವ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕೊರೆಟಾ ಅವರ ಪರಿಚಯ ಎಲ್ಲಿ ಓದಿದರೂ ‘ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಅವರಿಗೆ ಸಂದ ಗೌರವವೆಲ್ಲ ಗಂಡನ ಹೆಸರಿಗೆ ಸಂದ ಗೌರವವೇ ಅಲ್ಲವೇ?
— ಶಿಕ್ಷಕಿ, ಮೈಸೂರು

ಉತ್ತರ: ಅಲ್ಲ, ಮತ್ತು ಹಾಗೆಂದು ನಂಬಿಕೊಂಡು ಸಲ್ಲಿಸುವ ಶ್ರದ್ಧಾಂಜಲಿ ಅರ್ಧ ಬದುಕಿಗೆ ಮಾತ್ರ ಸಲ್ಲುತ್ತದೆ. ಅವರು ಹುಟ್ಟಿದ್ದು 1927ರ ಏಪ್ರಿಲ್ 27ರಂದು, ಅಲಬಾಮಾ ರಾಜ್ಯದ ಮೇರಿಯನ್ ಪಟ್ಟಣದ ಬಳಿಯ ಹಳ್ಳಿಯಲ್ಲಿ. ಬಿಳಿಯರ ಮಕ್ಕಳು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅದೇ ದಾರಿಯಲ್ಲಿ ಮೈಲಿಗಟ್ಟಲೆ ನಡೆದು ಹೋದವರು, ಎಳೆಯ ವಯಸ್ಸಿನಲ್ಲೇ ಹತ್ತಿ ಬಿಡಿಸುವ ಕೂಲಿ ಮಾಡಿದವರು. 1942ರಲ್ಲಿ ಅವರ ಮನೆ ಸುಟ್ಟುಹೋಯಿತು. ಬಳಿಕ ತಂದೆ ಕಷ್ಟಪಟ್ಟು ಕಟ್ಟಿಕೊಂಡಿದ್ದ ಮರದ ಮಿಲ್ಲೂ ಬೂದಿಯಾಯಿತು. ಓಹಾಯೊದ ಆಂಟಿಯಾಕ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಕಪ್ಪು ಹುಡುಗಿ ಎಂಬ ಕಾರಣಕ್ಕೆ ಸ್ಥಳೀಯ ಸರ್ಕಾರಿ ಶಾಲೆಗಳಲ್ಲಿ ಬೋಧನಾಭ್ಯಾಸಕ್ಕೆ ಅವಕಾಶ ನಿರಾಕರಿಸಿದಾಗ ಅದನ್ನು ಪ್ರತಿಭಟಿಸಿದ್ದರು. ಆಗಿನ್ನೂ ಅವರು ಕಿಂಗ್ ಅವರ ಮುಖವನ್ನೇ ನೋಡಿರಲಿಲ್ಲ. ಇಬ್ಬರೂ ಭೇಟಿಯಾದದ್ದು 1952ರಲ್ಲಿ, ಬಾಸ್ಟನ್ನಿನಲ್ಲಿ. ಅಲ್ಲಿ ಕೊರೆಟಾ ಸಂಗೀತ ವಿದ್ಯಾಲಯದಲ್ಲಿ ಗಾಯನ ಕಲಿಯುತ್ತಿದ್ದರು. 1953ರ ಜೂನ್ 18ರಂದು ಮದುವೆಯಾಗುವಾಗ, ಗಂಡನಿಗೆ ವಿಧೇಯಳಾಗಿರುತ್ತೇನೆ ಎಂಬ ಮಾತನ್ನು ವಧುವಿನ ಪ್ರಮಾಣವಚನದಿಂದ ತೆಗೆಸಿಹಾಕಿದ್ದರು.

1956ರ ಜನವರಿ 30ರ ರಾತ್ರಿ ಮಾಂಟ್‌ಗಮರಿಯಲ್ಲಿ ಅವರ ಮನೆಯ ಜಗುಲಿಯ ಮೇಲೆ ಬಾಂಬ್ ಸಿಡಿಯಿತು. ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಅಲ್ಲಿಯ ಕಪ್ಪು ಜನರು ಹೂಡಿದ್ದ ಬಸ್ ಬಹಿಷ್ಕಾರ ಎರಡನೆಯ ತಿಂಗಳಲ್ಲಿತ್ತು, ಕಿಂಗ್ ಸಭೆಯೊಂದಕ್ಕೆ ಹೋಗಿದ್ದರು, ಮನೆಯಲ್ಲಿದ್ದದ್ದು ಕೊರೆಟಾ, ಒಬ್ಬ ಗೆಳತಿ ಮತ್ತು ಎರಡೂವರೆ ತಿಂಗಳ ಕೂಸು. ಸುದ್ದಿ ತಿಳಿದು ಓಡಿಬಂದ ಹೆತ್ತವರು ಮಗುವಿನೊಂದಿಗೆ ತವರಿಗೆ ಹೊರಡುವಂತೆ ಒತ್ತಾಯಿಸಿದಾಗ ಅವರು ಒಪ್ಪಲಿಲ್ಲ. ಆ ರಾತ್ರಿ ಅವರು ಹೊರಟುಬಿಟ್ಟಿದ್ದರೆ ಮಾಂಟ್‌ಗಮರಿಯ ಚಳವಳಿಯ ಗತಿ ಏನಾಗುತ್ತಿತ್ತೆಂದು ಯೋಚಿಸಿ ನೋಡಿ. 1962ರಲ್ಲಿ ಮಹಿಳಾ ಶಾಂತಿ ಸಂಘಟನೆಯ ಪ್ರತಿನಿಧಿಯಾಗಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನಕ್ಕೆ ಹೋದರು, 1964ರಿಂದ ‘ಫ್ರೀಡಂ ಕಾನ್ಸರ್ಟ್’ಗಳಲ್ಲಿ ಹಾಡಿ ಚಳವಳಿಗೆ ಹಣ ಕೂಡಿಸಿದರು, 1965ರಲ್ಲಿ ವಾಷಿಂಗ್ಟನ್ನಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧದ ಸಭೆಯಲ್ಲಿ ಮಾತನಾಡಿದರು. ಕಿಂಗ್ ಆ ಯುದ್ಧವನ್ನು ಖಂಡಿಸಿ ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದು 1967ರಲ್ಲಿ. ಈ ವಿಷಯದಲ್ಲಿ ಹೆಂಡತಿ ಮುಂದೆ ನಡೆದಿದ್ದರು, ಗಂಡ ಹಿಂದಿನಿಂದ ಬಂದರು.

ಪ್ರಶ್ನೆ: ಗಂಡನ ಹತ್ಯೆಯಾದ ನಾಲ್ಕೇ ದಿನಕ್ಕೆ, ಶವಸಂಸ್ಕಾರಕ್ಕೂ ಮೊದಲೇ, ಕೊರೆಟಾ ಮೆರವಣಿಗೆಯೊಂದರ ಮುಂದಾಳಾಗಿ ನಡೆದರೆಂದು ಓದಿದೆ. ನಮ್ಮಲ್ಲಿ ಸೂತಕದ ಮನೆಯ ಹೆಣ್ಣು ಹೊಸಿಲು ದಾಟುವುದಿಲ್ಲ. ಅವರಿಗೆ ದುಃಖಿಸಲೂ ಬಿಡಲಿಲ್ಲವೇ, ಅಥವಾ ಅವರೇ ದುಃಖವನ್ನು ಒಳಗೆ ಅದುಮಿಟ್ಟರೇ?
— ಗೃಹಿಣಿ, ಹಾಸನ

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಕಳಕಳಿ ಅರ್ಥವಾಗುತ್ತದೆ. ಹಿನ್ನೆಲೆ ಇದು: ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ 1968ರ ಫೆಬ್ರವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಪೌರಕಾರ್ಮಿಕರು ಸತ್ತರು. ಸುಮಾರು 1,300 ಕಪ್ಪು ಕಾರ್ಮಿಕರು ಮುಷ್ಕರ ಹೂಡಿದರು, ‘ನಾನೂ ಮನುಷ್ಯ’ ಎಂಬ ಫಲಕಗಳನ್ನು ಕೊರಳಿಗೆ ಹಾಕಿಕೊಂಡು ಬೀದಿಗಿಳಿದರು. ಅವರಿಗೆ ಬೆಂಬಲವಾಗಿ ಬಂದಿದ್ದ ಕಿಂಗ್ ಏಪ್ರಿಲ್ 4ರ ಸಂಜೆ ಗುಂಡಿಗೆ ಬಲಿಯಾದರು. ಅವರು ನಡೆಸಬೇಕಾಗಿದ್ದ ಮೆರವಣಿಗೆ ಹಾಗೆಯೇ ಉಳಿದಿತ್ತು. ಏಪ್ರಿಲ್ 8ರಂದು ಕೊರೆಟಾ ತಮ್ಮ ನಾಲ್ವರು ಮಕ್ಕಳಲ್ಲಿ ದೊಡ್ಡವರಾದ ಮೂವರನ್ನು ಕರೆದುಕೊಂಡು ಮೆಂಫಿಸ್‌ಗೆ ಹೋಗಿ, ಸಾವಿರಾರು ಜನರ ಮೌನ ಮೆರವಣಿಗೆಯ ಮೊದಲ ಸಾಲಿನಲ್ಲಿ ನಡೆದರು. ಮುಂದಿನ ವಾರ, ಏಪ್ರಿಲ್ 16ರಂದು, ನಗರಾಡಳಿತ ಕಾರ್ಮಿಕರ ಸಂಘವನ್ನು ಮಾನ್ಯ ಮಾಡಿ ಒಪ್ಪಂದಕ್ಕೆ ಬಂತು.

ದುಃಖವನ್ನು ಅವರು ಮುಚ್ಚಿಡಲಿಲ್ಲ ಎಂಬುದಕ್ಕೆ ಮರುದಿನದ ಒಂದು ಛಾಯಾಚಿತ್ರವೇ ಸಾಕ್ಷಿ. ಅಟ್ಲಾಂಟಾದ ಎಬನೇಜರ್ ಚರ್ಚಿನಲ್ಲಿ ಶವಸಂಸ್ಕಾರದ ಪ್ರಾರ್ಥನೆ ನಡೆಯುತ್ತಿದೆ. ಕಪ್ಪು ಪರದೆಯ ಹಿಂದೆ ಕೊರೆಟಾ ಅವರ ಮುಖ ನೇರವಾಗಿ ಮೇಲೆತ್ತಿದೆ. ಐದು ವರ್ಷದ ಕಿರಿಯ ಮಗಳು ಬರ್ನಿಸ್ ಬಿಳಿಯ ಉಡುಪಿನಲ್ಲಿ ತಾಯಿಯ ಮಡಿಲಲ್ಲಿ ಒರಗಿ ಎತ್ತಲೋ ನೋಡುತ್ತಿದ್ದಾಳೆ. ಈ ಚಿತ್ರ ತೆಗೆದ ಮೊನೆಟಾ ಸ್ಲೀಟ್ ಅವರಿಗೆ 1969ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಚರ್ಚಿನೊಳಗೆ ಬಿಡಲೆಂದು ಆರಿಸಿದ ಛಾಯಾಗ್ರಾಹಕರ ಪಟ್ಟಿಯಲ್ಲಿ ಒಬ್ಬ ಕಪ್ಪು ಛಾಯಾಗ್ರಾಹಕನೂ ಇಲ್ಲವೆಂದು ತಿಳಿದಾಗ, ಸ್ಲೀಟ್ ಅವರನ್ನು ಬಿಡದಿದ್ದರೆ ಯಾರನ್ನೂ ಬಿಡಬೇಕಾಗಿಲ್ಲವೆಂದು ಕೊರೆಟಾ ಖಡಾಖಂಡಿತವಾಗಿ ಹೇಳಿದ್ದರು. ಗಂಡನ ಶವ ಎದುರಿಗಿರುವಾಗಲೂ ಈ ಅನ್ಯಾಯ ಅವರ ಕಣ್ಣಿಗೆ ಬಿತ್ತು, ಅದನ್ನು ಅಲ್ಲೇ ಸರಿಪಡಿಸಿದರು. ಅಂಥ ಹೆಣ್ಣಿಗೆ ದುಃಖಿಸುವುದು ಮತ್ತು ಹೋರಾಡುವುದು ಎರಡು ಬೇರೆ ಕೆಲಸಗಳಾಗಿರಲಿಲ್ಲವೆಂದು ನಾನು ತಿಳಿದಿದ್ದೇನೆ.

ಅದೇ ಪ್ರಾರ್ಥನೆಯಲ್ಲಿ ಅವರ ಕೋರಿಕೆಯ ಮೇರೆಗೆ ಕಿಂಗ್ ಅವರದೇ ಪ್ರವಚನವೊಂದರ ಧ್ವನಿಮುದ್ರಣವನ್ನು ಕೇಳಿಸಲಾಯಿತು. ಸಾಯುವ ಎರಡು ತಿಂಗಳ ಹಿಂದೆ ಮಾಡಿದ್ದ ಆ ಪ್ರವಚನದಲ್ಲಿ ಕಿಂಗ್, ತಮ್ಮ ಶವಸಂಸ್ಕಾರದ ದಿನ ಯಾರೂ ನೊಬೆಲ್ ಪ್ರಶಸ್ತಿಯ ಮಾತೆತ್ತಬಾರದು, ಹಸಿದವರಿಗೆ ಉಣಿಸಲು, ಯುದ್ಧದ ವಿಚಾರದಲ್ಲಿ ಸರಿಯಾದ ನಿಲುವು ತಳೆಯಲು ಯತ್ನಿಸಿದನೆಂದು ಹೇಳಿದರೆ ಸಾಕು ಎಂದು ಕೇಳಿಕೊಂಡಿದ್ದರು.

ಪ್ರಶ್ನೆ: ಕೊರೆಟಾ ಅವರ ಅಂತ್ಯಸಂಸ್ಕಾರದಲ್ಲಿ, ವೇದಿಕೆಯ ಮೇಲೆ ಕುಳಿತಿದ್ದ ಅಧ್ಯಕ್ಷರ ಎದುರಿನಲ್ಲೇ ಅವರ ಸರ್ಕಾರವನ್ನು ಟೀಕಿಸಲಾಯಿತಂತೆ. ಅಗಲಿದವರ ಮುಂದೆ ರಾಜಕೀಯ ಮಾತನಾಡುವುದು ಸಭ್ಯತೆಯೇ? ನಮ್ಮ ನುಡಿನಮನ ಸಭೆಗಳಲ್ಲಿ ಇದನ್ನು ಯಾರೂ ಸಹಿಸುವುದಿಲ್ಲ.
— ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಉತ್ತರ: ಆ ಪ್ರಸಂಗವನ್ನು ಅದರ ಪೂರ್ತಿ ಚೌಕಟ್ಟಿನಲ್ಲಿಟ್ಟು ನೋಡಬೇಕು. 2005ರ ಆಗಸ್ಟ್‌ನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿದ್ದ, ಕ್ಯಾನ್ಸರ್‌ನಿಂದಲೂ ಬಳಲುತ್ತಿದ್ದ ಕೊರೆಟಾ 78ನೆಯ ವಯಸ್ಸಿನಲ್ಲಿ ಮೆಕ್ಸಿಕೋದ ಒಂದು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ಅಟ್ಲಾಂಟಾಕ್ಕೆ ತಂದು, ಕುದುರೆ ಹೂಡಿದ ಸಾರೋಟಿನಲ್ಲಿ ಮೆರವಣಿಗೆ ಮಾಡಿ, ಜಾರ್ಜಿಯಾ ರಾಜ್ಯದ ಶಾಸನಭವನದಲ್ಲಿ ಸಾರ್ವಜನಿಕ ದರ್ಶನಕ್ಕೆ ಇರಿಸಲಾಯಿತು. ಆ ಗೌರವ ಪಡೆದ ಮೊದಲ ಮಹಿಳೆಯೂ ಮೊದಲ ಕಪ್ಪು ವ್ಯಕ್ತಿಯೂ ಅವರೇ. 1968ರಲ್ಲಿ ಇದೇ ಕಟ್ಟಡದ ಮುಂದೆ ಕಿಂಗ್ ಅವರ ಶವಪೆಟ್ಟಿಗೆ ಹೇಸರಗತ್ತೆಗಳ ಗಾಡಿಯಲ್ಲಿ ಹಾದುಹೋಗಿತ್ತು. ಅಂದಿನ ಗವರ್ನರ್ ಲೆಸ್ಟರ್ ಮ್ಯಾಡಾಕ್ಸ್, ಹಿಂದೆ ತಮ್ಮ ಹೋಟೆಲಿಗೆ ಬಂದ ಕಪ್ಪು ಜನರನ್ನು ಪಿಸ್ತೂಲು ತೋರಿಸಿ ಓಡಿಸಿದ್ದವರು, ಕಚೇರಿಗಳಿಗೆ ರಜೆ ಕೊಡಲಿಲ್ಲ, ಶವಯಾತ್ರೆಗೆ ಬರಲಿಲ್ಲ, ಶಾಸನಭವನದ ಸುತ್ತ ಪೊಲೀಸರ ಕಾವಲು ಹಾಕಿಸಿದರು. ಗಂಡನಿಗೆ ಮುಚ್ಚಿದ್ದ ಬಾಗಿಲು ಹೆಂಡತಿಗೆ ತೆರೆಯಲು 38 ವರ್ಷ ಬೇಕಾಯಿತು. ಹಾಗಾದರೆ ಆ ಬಾಗಿಲನ್ನು ತೆರೆಸಿದ್ದು ಯಾವುದು? ಅದೂ ರಾಜಕೀಯವೇ ಅಲ್ಲವೇ?

ಫೆಬ್ರವರಿ 7ರಂದು ಅಟ್ಲಾಂಟಾ ಹೊರವಲಯದ ಲಿಥೋನಿಯಾದ ನ್ಯೂ ಬರ್ತ್ ಚರ್ಚಿನಲ್ಲಿ ಸುಮಾರು 10,000 ಜನ ಸೇರಿದ್ದರು. ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್, ಮಾಜಿ ಅಧ್ಯಕ್ಷರಾದ ಅವರ ತಂದೆ, ಕ್ಲಿಂಟನ್, ಕಾರ್ಟರ್ ಎಲ್ಲರೂ ಬಂದು ಮಾತನಾಡಿದರು. ಕಿಂಗ್ ಅವರ ಹಳೆಯ ಸಂಗಾತಿ ರೆವರೆಂಡ್ ಜೋಸೆಫ್ ಲೋವರಿ ತಮ್ಮ ಸರದಿ ಬಂದಾಗ, ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳಿರಲಿಲ್ಲವೆಂಬುದನ್ನು ನೆನಪಿಸಿ, ಯುದ್ಧಕ್ಕೆ ಕೋಟಿಗಟ್ಟಲೆ ಹಣವಿದೆ, ಬಡವರಿಗೆ ಮಾತ್ರ ಇಲ್ಲ ಎಂಬ ಅರ್ಥದ ಮಾತನ್ನಾಡಿದರು. ಇಡೀ ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಕಾರ್ಟರ್ ಅವರು ಕಿಂಗ್ ದಂಪತಿಗಳ ಮೇಲೆ ಸರ್ಕಾರ ನಡೆಸಿದ್ದ ಗುಪ್ತ ದೂರವಾಣಿ ಕದ್ದಾಲಿಕೆಯನ್ನು ಪ್ರಸ್ತಾಪಿಸಿದರು. ಬುಷ್ ಆಡಳಿತ ಅನುಮತಿಯಿಲ್ಲದೆ ನಡೆಸುತ್ತಿದ್ದ ಕದ್ದಾಲಿಕೆಯ ಸುದ್ದಿ ಆಗಷ್ಟೇ ಹೊರಬಿದ್ದಿತ್ತಾದ್ದರಿಂದ ಆ ಮಾತು ಯಾರಿಗೆ ತಗುಲಿತೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಮರುದಿನದಿಂದ ಅಲ್ಲಿಯ ಪತ್ರಿಕೆ, ಟೀವಿಗಳಲ್ಲಿ ತಾವು ಕೇಳಿರುವ ಪ್ರಶ್ನೆಯನ್ನೇ ಹಲವರು ಕೇಳಿದರು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಖಾಸಗಿ ಬದುಕನ್ನು ಬಾಳಿದವರ ಸಾವಿನ ಮನೆಯಲ್ಲಿ ರಾಜಕೀಯ ತರುವುದು ಸಲ್ಲದು. ಆದರೆ ಯುದ್ಧವಿರೋಧವನ್ನೂ ಬಡವರ ಪರವಾದ ಹೋರಾಟವನ್ನೂ ಬದುಕಿನ ಕಸುಬನ್ನಾಗಿ ಮಾಡಿಕೊಂಡಿದ್ದವರನ್ನು ನೆನೆಯುವಾಗ ಅವೆರಡನ್ನೂ ಬಿಟ್ಟು ಅವರ ಸೌಮ್ಯ ಸ್ವಭಾವ, ಘನತೆ, ತಾಳ್ಮೆಗಳನ್ನಷ್ಟೇ ಹೊಗಳಿದರೆ, ಅದು ಅವರನ್ನು ಎರಡನೆಯ ಸಲ ಹೂಳಿದಂತೆ. ಗಂಡನ ಹತ್ಯೆಯಾದ ಮೂರು ವಾರಕ್ಕೆ, 1968ರ ಏಪ್ರಿಲ್ 27ರಂದು, ತಮ್ಮ ಹುಟ್ಟಿದ ದಿನವೇ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ನಡೆದ ಯುದ್ಧವಿರೋಧಿ ಸಭೆಯಲ್ಲಿ ಅವರು ಮಾತನಾಡಿದ್ದರು. ಅದೇ ಜೂನ್ 19ರಂದು ವಾಷಿಂಗ್ಟನ್ನಿನಲ್ಲಿ, ಜನಾಂಗದ್ವೇಷ, ಬಡತನ, ಯುದ್ಧ ಎಂಬ ಮೂರು ಕೇಡುಗಳ ವಿರುದ್ಧ ಹೆಂಗಸರೆಲ್ಲ ಒಂದಾಗಬೇಕೆಂದು ಕರೆ ಕೊಟ್ಟಿದ್ದರು. ಲೋವರಿ ಆಡಿದ್ದು ಕೊರೆಟಾ ಆಡುತ್ತಿದ್ದ ಮಾತನ್ನೇ.

ಆ ದಿನ ನನಗೆ ಹೆಚ್ಚು ತೊಡಕಾಗಿ ಕಾಣುವುದು ಬೇರೊಂದು ಸಂಗತಿ. ಸಲಿಂಗಿಗಳ ಹಕ್ಕುಗಳನ್ನು ಕೊರೆಟಾ ಬಹಿರಂಗವಾಗಿ, ಹಲವರ ಅಸಮಾಧಾನವನ್ನು ಲೆಕ್ಕಿಸದೆ ಬೆಂಬಲಿಸಿದ್ದರು. ಪ್ರಾರ್ಥನೆ ನಡೆದ ಚರ್ಚಿನ ಮುಖ್ಯಸ್ಥರು ಸಲಿಂಗ ವಿವಾಹದ ವಿರುದ್ಧ ಮೆರವಣಿಗೆ ನಡೆಸಿದ್ದವರು. ಮಗಳು ಬರ್ನಿಸ್ ಅಲ್ಲಿ ಧರ್ಮಬೋಧಕಿಯಾಗಿದ್ದುದರಿಂದ ಆ ಸ್ಥಳದ ಆಯ್ಕೆಯಾಗಿತ್ತು, ತಾಯಿಯ ಕುರಿತ ಮುಖ್ಯ ನುಡಿನಮನವನ್ನೂ ಆಕೆಯೇ ಸಲ್ಲಿಸಿದರು. ಆದರೆ ಹಿರಿಯ ಹೋರಾಟಗಾರ ಜೂಲಿಯನ್ ಬಾಂಡ್ ಇದೇ ಕಾರಣಕ್ಕೆ ಹೋಗದೆ ಉಳಿದರು. ಹೆತ್ತ ತಾಯಿಯನ್ನು ಎಲ್ಲಿ ಬೀಳ್ಕೊಡಬೇಕೆಂಬ ತೀರ್ಮಾನ ಮಕ್ಕಳಿಗೆ ಸೇರಿದ್ದು, ಅದನ್ನು ನಾನು ಪ್ರಶ್ನಿಸಲಾರೆ; ಬಾಂಡ್ ಅವರ ಗೈರುಹಾಜರಿಯೂ ಒಂದು ಬಗೆಯ ಗೌರವವೇ ಎಂದು ಮಾತ್ರ ಹೇಳಬಲ್ಲೆ.

ಪ್ರಶ್ನೆ: ಕೊರೆಟಾ ಭಾರತಕ್ಕೆ, ಅದರಲ್ಲೂ ನಮ್ಮ ರಾಜ್ಯಕ್ಕೆ ಬಂದಿದ್ದರೇ?
— ಕಾಲೇಜು ವಿದ್ಯಾರ್ಥಿ, ಬೆಂಗಳೂರು

ಉತ್ತರ: ಬಂದಿದ್ದರು. 1959ರ ಫೆಬ್ರವರಿ–ಮಾರ್ಚ್‌ನಲ್ಲಿ ಕಿಂಗ್ ದಂಪತಿಗಳು ಸುಮಾರು ಒಂದು ತಿಂಗಳು ಭಾರತದಲ್ಲಿ ಪ್ರವಾಸ ಮಾಡಿದರು. ದಕ್ಷಿಣದಲ್ಲಿ ಮದರಾಸು, ಮಧುರೆ, ತಿರುವನಂತಪುರಗಳ ಜೊತೆಗೆ ಬೆಂಗಳೂರಿಗೂ ಬಂದಿದ್ದರು. ಸಭೆಗಳಲ್ಲಿ ಕಿಂಗ್ ಭಾಷಣ ಮಾಡಿದರೆ ಕೊರೆಟಾ ಕಪ್ಪು ಜನರ ಭಕ್ತಿಗೀತೆಗಳನ್ನು ಹಾಡುತ್ತಿದ್ದರು. ತಾನು ಮಾತನಾಡಿದಷ್ಟೇ ಆಕೆ ಹಾಡಿದಳೆಂದು ಕಿಂಗ್ ಅವರೇ ಆಮೇಲೆ ಬರೆದಿದ್ದಾರೆ. ಮತ್ತೆ ಅವರು ಬಂದದ್ದು 1969ರಲ್ಲಿ, ಕಿಂಗ್ ಅವರಿಗೆ ಮರಣೋತ್ತರವಾಗಿ ಸಂದ ನೆಹರೂ ಪ್ರಶಸ್ತಿಯನ್ನು ದೆಹಲಿಯಲ್ಲಿ ಸ್ವೀಕರಿಸಲು.

ಪ್ರಶ್ನೆ: 2027ರ ಏಪ್ರಿಲ್ 27ಕ್ಕೆ ಕೊರೆಟಾ ಹುಟ್ಟಿ ನೂರು ವರ್ಷವಾಗುತ್ತದೆ. ನಮ್ಮ ತಾಲ್ಲೂಕಿನ ಮಹಿಳಾ ಸಂಘದಿಂದ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಭಾವಚಿತ್ರಕ್ಕೆ ಪುಷ್ಪಾರ್ಚನೆ, ಉಪನ್ಯಾಸ ಬಿಟ್ಟು ಬೇರೇನು ಮಾಡಬಹುದು?
— ಸಂಘದ ಕಾರ್ಯದರ್ಶಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಸ್ಮರಣೆ ಹೇಗಿರಬೇಕೆಂದು ಅವರಷ್ಟು ಯೋಚಿಸಿದವರು ಕಡಿಮೆ. ಕಿಂಗ್ ಹತ್ಯೆಯಾದ ವರ್ಷವೇ ಅಟ್ಲಾಂಟಾದಲ್ಲಿ ಸ್ಮಾರಕ ಕೇಂದ್ರವನ್ನು ಸ್ಥಾಪಿಸಿ, ಅದನ್ನು ಅಹಿಂಸಾ ಹೋರಾಟದ ತರಬೇತಿ ಕೊಡುವ ಜಾಗವಾಗಿ ಬೆಳೆಸಿದರು. ಕಿಂಗ್ ಜನ್ಮದಿನಕ್ಕೆ ರಾಷ್ಟ್ರೀಯ ರಜೆ ಕೊಡಬೇಕೆಂದು 15 ವರ್ಷ ಬೆನ್ನುಹತ್ತಿದರು. 1983ರ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು, 1986ರಿಂದ ಆಚರಣೆ ಆರಂಭವಾಯಿತು. ಅಷ್ಟಕ್ಕೆ ತೃಪ್ತರಾಗದೆ, ಅದು ಮನೆಯಲ್ಲಿ ಮಲಗುವ ದಿನವಾಗಕೂಡದು, ಸಮುದಾಯ ಸೇವೆಯ ದಿನವಾಗಬೇಕೆಂದು ಒತ್ತಾಯಿಸಿದರು. 1994ರಲ್ಲಿ ಅದಕ್ಕೂ ಕಾನೂನು ಬಂತು.

ಉಪನ್ಯಾಸದ ಬದಲು ಅವರ ಒಂದು ಪತ್ರವನ್ನು ಕನ್ನಡಕ್ಕೆ ತಂದು ಓದಬಹುದು. 1986ರಲ್ಲಿ ಜೆಫ್ ಸೆಷನ್ಸ್ ಎಂಬ ಸರ್ಕಾರಿ ವಕೀಲರನ್ನು ಫೆಡರಲ್ ನ್ಯಾಯಾಧೀಶರನ್ನಾಗಿ ಮಾಡಲು ಹೊರಟಾಗ ಕೊರೆಟಾ ಅಲ್ಲಿಯ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿಗೆ ವಿರೋಧ ಪತ್ರ ಬರೆದರು. ಕೊರೆಟಾ ಹುಟ್ಟಿದ ಜಿಲ್ಲೆಯಲ್ಲೇ ವೃದ್ಧ ಕಪ್ಪು ಮತದಾರರಿಗೆ ನೆರವಾಗುತ್ತಿದ್ದ ಹೋರಾಟಗಾರರ ಮೇಲೆ ಆತ ಮೊಕದ್ದಮೆ ಹೂಡಿ, ಅವರೆಲ್ಲ ನಿರ್ದೋಷಿಗಳೆಂದು ಬಿಡುಗಡೆಯಾಗಿದ್ದರು. ಸಮಿತಿ ಆತನನ್ನು ತಿರಸ್ಕರಿಸಿತು. 2017ರ ಫೆಬ್ರವರಿ 7ರಂದು, ಕೊರೆಟಾ ಅವರ ಅಂತ್ಯಸಂಸ್ಕಾರವಾಗಿ ಸರಿಯಾಗಿ 11 ವರ್ಷಕ್ಕೆ, ಅದೇ ವ್ಯಕ್ತಿಯನ್ನು ಅಟಾರ್ನಿ ಜನರಲ್ ಮಾಡುವ ಚರ್ಚೆಯಲ್ಲಿ ಸೆನೆಟರ್ ಎಲಿಜಬೆತ್ ವಾರನ್ ಆ ಪತ್ರವನ್ನು ಓದತೊಡಗಿದಾಗ ಅವರ ಮಾತನ್ನು ನಿಯಮ ಹಿಡಿದು ನಿಲ್ಲಿಸಲಾಯಿತು. ಸತ್ತು ದಶಕ ಕಳೆದ ಮೇಲೂ ಸದನ ಕೇಳಲು ಹಿಂಜರಿದ ಮಾತುಗಳವು. ನಿಮ್ಮ ಸಭೆಯಲ್ಲಿ ಅವನ್ನು ಪೂರ್ತಿ ಓದಿಸಿ.

ಇನ್ನೊಂದು ಸಲಹೆ. ಮೆಂಫಿಸ್‌ನ ನೆನಪಿಗಾಗಿ ನಿಮ್ಮ ಪುರಸಭೆಯ ಪೌರಕಾರ್ಮಿಕ ಮಹಿಳೆಯರನ್ನು ಕರೆಯಿರಿ, ಆದರೆ ಶಾಲು ಹೊದಿಸಿ ಕೂರಿಸಿಬಿಡುವುದಕ್ಕಲ್ಲ. ಕೈಗವಸು, ಬೂಟು ಸಿಗುತ್ತಿವೆಯೇ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ, ಗುತ್ತಿಗೆಯವರೆಷ್ಟು ಜನ ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ, ಪುರಸಭೆಯ ಮುಖ್ಯಾಧಿಕಾರಿಯನ್ನು ಕೇಳುಗರ ಸಾಲಿನಲ್ಲಿ ಕೂರಿಸಿ. ಅವರ ಪಾಳಿ ನಸುಕಿನಲ್ಲೇ ಶುರುವಾಗುವುದರಿಂದ ಕಾರ್ಯಕ್ರಮವನ್ನು ಮಧ್ಯಾಹ್ನ ಊಟವಾದ ಮೇಲೆ ಇಟ್ಟುಕೊಳ್ಳುವುದು ಒಳ್ಳೆಯದು.