ನಾಯಿಮರಿ ಮಾರುವವರನ್ನು ಜನ ನಂಬಬೇಕಾದರೆ?

ಪ್ರಶ್ನೆ: ಮನೆಯಲ್ಲೇ ಲ್ಯಾಬ್ರಡಾರ್ ಸಾಕಿ ಮರಿ ಮಾರುತ್ತೇನೆ. ಯಾರಿಗೂ ಮೋಸ ಮಾಡಿಲ್ಲ. ಆದರೂ ನೋಡಲು ಬಂದವರು ನೂರೆಂಟು ಅನುಮಾನ ಪಡುತ್ತಾರೆ, ಕೊನೆಗೆ ಹೈದರಾಬಾದಿಗೆ ಹೋಗಿ ಜಾಸ್ತಿ ದುಡ್ಡು ಕೊಟ್ಟು ತರುತ್ತಾರೆ. ಏನು ಮಾಡಲಿ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಅವರ ಮೇಲೆ ಸಿಟ್ಟಾಗಬೇಡಿ. ಮರಿ ತಂದ ನಾಲ್ಕನೇ ದಿನಕ್ಕೆ ವಾಂತಿ, ರಕ್ತಭೇದಿ ಶುರುವಾಗಿ, ಮಾರಿದವರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್ ಬಂದದ್ದನ್ನು ಅವರು ಎಲ್ಲೋ ಕೇಳಿರುತ್ತಾರೆ. 'ನನ್ನ ಮಾತು ನಂಬಿ' ಅಂದರೆ ಆಗುವುದಿಲ್ಲ. ಅವರೇ ನೋಡಿ ತಿಳಿಯುವ ಹಾಗೆ ಮಾಡಿ.

ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಕೈಗೆ ಕೊಡುವ ಪದ್ಧತಿ ಇದ್ದರೆ ಇವತ್ತೇ ಬಿಡಿ. ಮನೆಗೆ ಕರೆಯಿರಿ, ತಾಯಿ ನಾಯಿಯನ್ನು ತೋರಿಸಿ. ಅದು ಹೊಸಬರ ಹತ್ತಿರ ಬಾಲ ಆಡಿಸುತ್ತದೋ, ಮೂಲೆಗೆ ಸೇರುತ್ತದೋ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಒಳಗೆ ಬರುವ ಮೊದಲು ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ. ಮರಿಗಳಿಗೆ ಆ ವಾಂತಿ, ರಕ್ತಭೇದಿ ತರುವ ಪಾರ್ವೋ ವೈರಸ್ ಚಪ್ಪಲಿಗೆ ಅಂಟಿಕೊಂಡೂ ಮನೆಯಿಂದ ಮನೆಗೆ ಹೋಗುತ್ತದೆ. ಇಷ್ಟು ಕಟ್ಟುನಿಟ್ಟು ನೋಡಿದರೆ ಬಂದವರಿಗೂ ನಿಮ್ಮ ಕೆಲಸದ ಮೇಲೆ ಗೌರವ ಬರುತ್ತದೆ.

ಲಸಿಕೆ ಪುಸ್ತಕದಲ್ಲಿ ಬಾಟಲಿಯ ಸ್ಟಿಕ್ಕರ್, ತಾರೀಕು, ಡಾಕ್ಟರ್ ಸಹಿ, ಸೀಲು ಎಲ್ಲಾ ಇರಲಿ. ನೀವೇ ಇಂಜೆಕ್ಷನ್ ಹಾಕಿ ಪೆನ್ನಿನಲ್ಲಿ ಬರೆದುಕೊಂಡ ಪುಸ್ತಕಕ್ಕೆ ಬೆಲೆ ಇಲ್ಲ. ಎರಡು ತಿಂಗಳ ಮರಿ ತೋರಿಸಿ 'ಎಲ್ಲಾ ಲಸಿಕೆ ಆಗಿದೆ' ಅನ್ನಲೇಬೇಡಿ. ಆರರಿಂದ ಎಂಟು ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಮ್ಮೆ, 16 ವಾರ ಆಗುವವರೆಗೂ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಉಳಿದದ್ದು ಅವರ ಜವಾಬ್ದಾರಿ ಅಂತ ಮೊದಲೇ ಹೇಳಿಬಿಡಿ.

ಆಮೇಲೆ ಒಂದು ಕಾಗದ. ಮರಿ ಒಯ್ದ ಎರಡು-ಮೂರು ದಿನದೊಳಗೆ ಅವರಿಗೆ ಬೇಕಾದ ಡಾಕ್ಟರ್‌ಗೆ ತೋರಿಸಲಿ, ನಿಮ್ಮ ಡಾಕ್ಟರ್‌ಗೇ ಅಂತ ಹಟ ಬೇಡ. ಪಾರ್ವೋ ಸಾಮಾನ್ಯವಾಗಿ ತಗುಲಿದ ಮೂರರಿಂದ ಏಳು ದಿನಕ್ಕೆ ಕಾಣಿಸುತ್ತದೆ, ಕೆಲವೊಮ್ಮೆ ಎರಡು ವಾರವೂ ಆಗಬಹುದು. ಅಷ್ಟರೊಳಗೆ ಕಾಯಿಲೆ ಬಂದರೆ ದುಡ್ಡು ವಾಪಸ್ಸೋ, ಔಷಧಿ ಖರ್ಚಿನಲ್ಲಿ ಪಾಲೋ, ಯಾವುದಾದರೂ ಒಂದನ್ನು ಬರೆದು ಸಹಿ ಹಾಕಿ ಕೊಡಿ. ನಷ್ಟ ಆಗಲ್ವಾ ಅಂತ ಕೇಳಬಹುದು. ಒಂದೆರಡು ಸಲ ಆಗುತ್ತದೆ.

ಕೆನಲ್ ಕ್ಲಬ್ ಕಾಗದ ಒಳ್ಳೆಯದೇ, ಆದರೆ ಅದು ಹೇಳುವುದು ವಂಶವನ್ನು, ಆರೋಗ್ಯವನ್ನಲ್ಲ. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ಬರುವುದುಂಟು, ಹಾಗಾಗಿ ತಂದೆ-ತಾಯಿ ಎರಡಕ್ಕೂ ಎಕ್ಸ್‌ರೇ ತೆಗೆಸಿಟ್ಟರೆ ಯಾವ ಸರ್ಟಿಫಿಕೇಟಿಗಿಂತಲೂ ಜಾಸ್ತಿ ಬೆಲೆ. ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ಲ, ಅಲ್ಲಿ ವಿಚಾರಿಸಿ. ಇನ್ನೊಂದು, 2017ರ ಕೇಂದ್ರ ನಿಯಮದ ಪ್ರಕಾರ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬದೆ ಮರಿ ಹಾಕಿಸುವಂತಿಲ್ಲ, ಜೀವಮಾನದಲ್ಲಿ ಐದು ಸಲಕ್ಕಿಂತ ಹೆಚ್ಚು ಹಾಕಿಸುವಂತಿಲ್ಲ. ನೋಂದಣಿ ಆಗಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ, ಉಳಿದದ್ದು ಆಮೇಲೆ.

ಪ್ರಶ್ನೆ: ಮರಿಗೆ ಬರೀ 30 ದಿನ. 'ಈಗಲೇ ಒಯ್ದರೆ ನಿಮಗೆ ಹೊಂದಿಕೊಳ್ಳುತ್ತೆ' ಅಂತ ಮಾರುವವರು ಅವಸರ ಮಾಡುತ್ತಿದ್ದಾರೆ. ತರಬಹುದಾ?
– ಗೃಹಿಣಿ, ಬೀದರ್

ಉತ್ತರ: ಬೇಡಮ್ಮ. ಎಂಟು ವಾರದೊಳಗಿನ ಮರಿ ಮಾರುವುದು ಅದೇ ನಿಯಮದ ಪ್ರಕಾರ ತಪ್ಪು. ಹೊಂದಿಕೊಳ್ಳುವ ಮಾತು ಸುಮ್ನೆ ನೆಪ. ಹಾಲು ಬಿಟ್ಟ ಮೇಲೆ ಮರಿಗಳಿಗೆ ತಿನ್ನಿಸುವ ಖರ್ಚು ಏರುತ್ತದೆ, ಅವಸರ ಅದಕ್ಕೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುತ್ತಾ. ಇನ್ನೊಂದು ತಿಂಗಳು ಅಲ್ಲೇ ಇರಲಿ ಅನ್ನಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ.

ಪ್ರಶ್ನೆ: ಹಸ್ಕಿ ಮರಿಗಳಿಗೆ ಒಳ್ಳೆ ರೇಟ್ ಇದೆ. ಸಾಕಿ ಮಾರಬಹುದಾ?
– ಕಾಲೇಜು ವಿದ್ಯಾರ್ಥಿ, ಯಾದಗಿರಿ

ಉತ್ತರ: ಹಿಮದಲ್ಲಿ ಬಂಡಿ ಎಳೆಯುವ ನಾಯಿ ಅದು. ಯಾದಗಿರಿಯ ಮೇ ತಿಂಗಳಲ್ಲಿ, ಅದೂ ಕರೆಂಟ್ ಹೋದ ಮಧ್ಯಾಹ್ನ, ಏನು ಮಾಡುತ್ತೀರಿ? ಆಸಕ್ತಿ ನಿಜವಾಗಿದ್ದರೆ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗಿ ಮುಧೋಳ ನಾಯಿ ನೋಡಿ ಬನ್ನಿ. ಅದಕ್ಕೆ ಓಡಾಡಲು ಜಾಗ ಬೇಕು, ಬಾಡಿಗೆ ರೂಮಿನಲ್ಲಿದ್ದರೆ ಅದೂ ಬೇಡ.